ಅಲೆಮಾರಿಗೂ ಊರಿನ ಹಂಬಲ

ಅಲೆಮಾರಿಗೆ ಊರಿನ ನೆನಪು ಕಾಡದು ಎಂದು ಭಾವಿಸುವವರುಂಟು. ಹಕ್ಕಿಪಿಕ್ಕಿಗಳ ಕಥೆ ಬೇರೆಯೇ ಇದೆ. ಹಕ್ಕಿ ಹಿಡಿಯುವ ಅವರ ಕಸುಬಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯೊಡ್ಡಿತು. ಮುಂದೆ ಗಿಡಮೂಲಿಕೆ ಎಣ್ಣೆಯ ವ್ಯಾಪಾರ ಅವರನ್ನು ಚನ್ನಗಿರಿಯಿಂದ ಆಫ್ರಿಕಾದವರೆಗೂ ಒಯ್ದಿತು. ಊರಿನಲ್ಲಿದ್ದರೆ ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ. ಸುಡಾನಿನ ಪೇಟೆಯಲ್ಲಿ ಅರಬ್ಬಿ.

2023ರ ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಿತು. ಚನ್ನಗಿರಿ, ಶಿವಮೊಗ್ಗ, ಹುಣಸೂರು ಕಡೆಯ 31 ಮಂದಿ ಅನ್ನ ನೀರಿಗೂ ಪರದಾಡಿದರು. ಆಗ ಅವರು ಬೇಡಿದ್ದು ಒಂದೇ, ಊರಿಗೆ ಕರೆಸಿಕೊಳ್ಳಿ ಎಂದು. ಭಾರತ ಸರ್ಕಾರ ಕೈಗೊಂಡ ತೆರವು ಕಾರ್ಯಾಚರಣೆಯ ಹೆಸರು ‘ಕಾವೇರಿ’. ಸರಕನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಮರಳಿದರು.

ಊರೂರು ತಿರುಗುವವರಿಗೂ ತಿರುಗಿ ಬರಲು ಒಂದು ಊರು ಬೇಕು.