ಸೊಲ್ಲಾಪುರದ ಸುತ್ತ ವಸಂತದ ಒಂದು ದಿನ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯಿಂದ ಕನ್ನಡದ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಪ್ರತಿವರ್ಷವೂ ನೆರವೇರಿಸುತ್ತ ಬಂದಿದ್ದಾರೆ. ನಾನು ಆರಿಸಿಕೊಂಡಿರುವುದು ಅದಕ್ಕಿಂತ ಹಗುರವಾದ ವಿಷಯ. ವಸಂತಕಾಲದಲ್ಲಿ ಮಕ್ಕಳುಮರಿಗಳನ್ನು ಕರೆದುಕೊಂಡು, ಬೆಳಗಿನಲ್ಲಿ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂತೆ, ನಮ್ಮ ಸೊಲ್ಲಾಪುರದಿಂದ ಎಲ್ಲಿಗೆ ಹೋಗಿಬರಬಹುದೆಂಬುದೇ ಆ ವಿಷಯ. ಹೊರಸಂಚಾರವು ನಮ್ಮವರಿಗೆ ಹೊಸತೇನೂ ಅಲ್ಲ. ಎಳ್ಳ ಅಮಾವಾಸ್ಯೆಯ ದಿನ ಚಕ್ಕಡಿ ಕಟ್ಟಿ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ ಪುಂಡಿಪಲ್ಯ ಉಂಡು ಬರುತ್ತಿದ್ದ ಹಿರಿಯರ ಮಕ್ಕಳು ನಾವು. ಚಕ್ಕಡಿ ಹೋಗಿ ಮೋಟಾರು ಬಂದಿದೆ. ಆದರೆ ಮೋಟಾರು ನಮ್ಮನ್ನು ಹೊಲದ ಕಡೆಗೆ ಒಯ್ಯದೆ ಅಂಗಡಿಗಳ ಕಡೆಗೇ ಒಯ್ಯುತ್ತಿದೆ.

ಪಂಚಾಂಗವು ಚೈತ್ರ ವೈಶಾಖಗಳನ್ನು ವಸಂತಋತುವೆಂದು ಸಾರುತ್ತದೆ. ಈ ವಿಭಾಗವನ್ನು ಮಾಡಿದವರು ಸೊಲ್ಲಾಪುರದ ಏಪ್ರಿಲಿನ ಬಿಸಿಲಿನಲ್ಲಿ ನಿಂತವರಲ್ಲವೆಂಬುದು ನಿಶ್ಚಯ! ಆಗ ಇಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುತ್ತದೆ. ನಮ್ಮ ಪಾಲಿನ ವಸಂತವು ಫಾಲ್ಗುಣದಲ್ಲಿ ಕಾಲಿರಿಸಿ, ಯುಗಾದಿಯ ಬೇವಿನ ಹೂವು ಉದುರುವಷ್ಟರಲ್ಲಿ ಮುಗಿದುಹೋಗುತ್ತದೆ. ಐದಾರು ಭಾನುವಾರಗಳು ಸಿಕ್ಕಿದರೆ ಹೆಚ್ಚು. ಆ ದಿನಗಳಲ್ಲಿ ಎರೆಹೊಲದಲ್ಲಿ ಬಿಳಿಜೋಳದ ಕೊಯ್ಲು ನಡೆದಿರುತ್ತದೆ. ಮಾವಿನ ಮರದಲ್ಲಿ ಮಿಡಿ ತೂಗುತ್ತಿರುತ್ತದೆ. ಬೇವು ತಾಮ್ರವರ್ಣದ ಚಿಗುರನ್ನು ಹೊರಹಾಕುತ್ತದೆ. ಬಾಲಾಘಾಟದ ಬೋಳುಗುಡ್ಡಗಳ ಬದಿಯಲ್ಲಿ ಎಲೆಯಿಲ್ಲದ ಮುತ್ತುಗವು ಕೆಂಡದಂತೆ ಹೂವಾಗುತ್ತದೆ.

ಮೊದಲು ಮೂಡಣ ದಿಕ್ಕಿನ ನಳದುರ್ಗವನ್ನು ಹೇಳುತ್ತೇನೆ. ಹೈದರಾಬಾದಿನ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು. ಕೋಟೆಯನ್ನು ಬಳಸಿ ಬೋರಿ ನದಿ ಹರಿಯುತ್ತದೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ 1580-1627) ಕಾಲದಲ್ಲಿ ಆ ನದಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಿ, ಕಟ್ಟೆಯ ಒಡಲಿನೊಳಗೇ ಕೋಣೆಗಳನ್ನು ರಚಿಸಿದರು. ಅದೇ ಪಾನಿಮಹಲು. ಮಳೆಗಾಲದಲ್ಲಿ ನೀರು ಕಟ್ಟೆಯ ಮೇಲಿಂದ ಧುಮುಕುವಾಗ ನೋಡಬೇಕೆಂದು ಜನ ಮುಗಿಬೀಳುತ್ತಾರೆ. ನನಗಾದರೋ ವಸಂತವೇ ಮೇಲು. ನೀರು ಇಳಿದಾಗಲೇ ಕಲ್ಲಿನ ಜೋಡಣೆ ಕಾಣುವುದು. ನೀರನ್ನು ಹೇಗೆ ತಡೆದರು, ಹೇಗೆ ಹೊರಬಿಟ್ಟರು ಎಂಬುದನ್ನು ಹುಡುಗರಿಗೆ ಬೆರಳಿಟ್ಟು ತೋರಿಸಬಹುದು. ನಮ್ಮ ಸುರಪುರದ ಚರಿತ್ರೆಯಲ್ಲಿ ಹೆಸರಾದ ಮೆಡೋಸ್ ಟೇಲರನು 1853ರಲ್ಲಿ ಇಲ್ಲಿಯ ಆಡಳಿತವನ್ನು ವಹಿಸಿಕೊಂಡು ಬಂದಿದ್ದನು.

ಬಡಗಣ ದಿಕ್ಕಿನಲ್ಲಿ, ಬಾರ್ಶಿಯ ದಾರಿಯಲ್ಲಿ 20 ಕಿಲೋಮೀಟರಿನಷ್ಟು ಹೋದರೆ ನಾನ್ನಜದ ಹುಲ್ಲುಗಾವಲು. ಮರಾಠಿಯವರು ಮಾಳಢೋಕವೆಂದೂ ನಮ್ಮ ಬಯಲುಸೀಮೆಯವರು ಎರೆಭೂತವೆಂದೂ ಕರೆಯುವ ದೊಡ್ಡ ಹಕ್ಕಿಯ ರಕ್ಷಣೆಗಾಗಿ 1979ರಲ್ಲಿ ಈ ಅಭಯಾರಣ್ಯವು ಏರ್ಪಟ್ಟಿತು. ಇಂದು ಇಡೀ ದೇಶದಲ್ಲಿ ಆ ಹಕ್ಕಿಗಳು ಇನ್ನೂರರಷ್ಟೂ ಉಳಿದಿಲ್ಲ. ಆದುದರಿಂದ ಅದನ್ನು ಕಾಣುವೆವೆಂಬ ಆಸೆಯಿಂದ ಹೋಗಬಾರದು. ಕೃಷ್ಣಮೃಗಗಳ ಹಿಂಡು ಕಣ್ಣಿಗೆ ಬೀಳುವುದುಂಟು. ನಸುಕಿನಲ್ಲಿ ಹೋಗಬೇಕು, ಮಾತು ಕಡಿಮೆ ಮಾಡಬೇಕು. ಇವೆರಡೂ ನಮ್ಮ ಕುಟುಂಬಗಳಿಗೆ ಕಷ್ಟಸಾಧ್ಯವೆಂದು ಬಲ್ಲೆ.

ಪಡುವಣದ ಪಂಢರಪುರಕ್ಕೆ ನೀವೆಲ್ಲರೂ ಹೋಗಿಯೇ ಇರುತ್ತೀರಿ. ದಾರಿ ಹೇಳುವುದು ಬೇಡ. ಹೊಯ್ಸಳ ಸೋಮೇಶ್ವರನ 1237ರ ಶಾಸನವು ಆ ಊರನ್ನು ಪಂಡರಗೆಯೆಂದು ಕರೆಯುತ್ತದೆಂಬುದನ್ನು ಮಾತ್ರ ಗಮನಕ್ಕೆ ತರುತ್ತೇನೆ. ಈ ‘ಗೆ’ಕಾರದ ಕೊನೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದುದು ಆಗ್ನೇಯ ಮತ್ತು ತೆಂಕಣ ದಾರಿಗಳು. ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರು. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಸ್ಥರಾದ ಆ ಕ್ಷೇತ್ರಕ್ಕೆ ದೂರದೂರದಿಂದ ಯಾತ್ರಿಕರು ಬರುತ್ತಾರೆ. ಅರಮನೆಯ ಆಯುಧಗಳ ಸಂಗ್ರಹವು ಹುಡುಗರಿಗೆ ಹಿಡಿಸುತ್ತದೆ. ಆದರೆ ಆ ಸೀಮೆಯಲ್ಲಿ ನಿಜವಾಗಿ ನೋಡತಕ್ಕದ್ದು ದಾರಿಬದಿಯ ಹಲಗೆಗಳನ್ನೇ. ಕರಜಗಿ, ಮೈಂದರ್ಗಿ, ಇತ್ತ ಹೊಟಗಿ! ಬರೆದುದು ದೇವನಾಗರಿಯಲ್ಲಿ, ಹೆಸರು ಅಚ್ಚಗನ್ನಡದ ಅಚ್ಚಿನದು. ಪಂಡರಗೆಯ ‘ಗೆ’ಕಾರವೇ ಇಲ್ಲಿ ‘ಗಿ’ಯಾಗಿ ಕುಳಿತಿದೆ. ನಮ್ಮೂರು ಕೂಡ ಸಿದ್ಧರಾಮನ ಕಾಲದಲ್ಲಿ ಸೊನ್ನಲಿಗೆಯಾಗಿತ್ತಲ್ಲವೆ? ಅರ್ಧ ಗಂಟೆ ಈ ಹಲಗೆಗಳನ್ನು ಓದುತ್ತ ಹೋದ ಹುಡುಗನಿಗೆ ವ್ಯಾಕರಣದ ಒಂದು ಪಾಠವನ್ನು ನಾನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದನ್ನು ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣವುಂಟು. ಒಮ್ಮೆ ತರಗತಿಯಲ್ಲಿ ಹಳಗನ್ನಡದ ಪಾಠ ನಡೆದಿರುವಾಗ ಬುದ್ಧಿವಂತನಾದ ಒಬ್ಬ ಹುಡುಗನು, “ಗುರುಗಳೆ, ಕನ್ನಡ ಕರ್ನಾಟಕದ ಭಾಷೆ, ನಾವು ಅಲ್ಲಿಂದ ಇಲ್ಲಿಗೆ ಯಾವಾಗ ಬಂದೆವು?” ಎಂದು ಕೇಳಿದನು. ಅವನ ಮನೆತನವು ಹೊರಗಿನಿಂದ ಬಂದುದೇ ಅಲ್ಲ. ಮನೆಯಲ್ಲಿ ಆಡುವ ಮಾತು ಕನ್ನಡ; ಆದರೆ ಬೀದಿಯಲ್ಲಿ ಅದು ಕಾಣದು, ಅಂಗಡಿಯ ಮೇಲೆ ಕಾಣದು, ಪುಸ್ತಕವೋ ಗಡಿಯಾಚೆಯ ನಗರಗಳ ಚಿತ್ರಗಳಿಂದ ತುಂಬಿದೆ. ತನ್ನ ಮಾತು ಎಲ್ಲಿಂದಲೋ ತಂದ ಸಾಮಾನೆಂದು ಅವನು ಭಾವಿಸಿದರೆ ತಪ್ಪೇನು? ಹೀಗೆ ಭಾವಿಸುವ ಮಗು ದೊಡ್ಡದಾದ ಮೇಲೆ ತನ್ನ ಮಕ್ಕಳನ್ನು ನಮ್ಮ ಶಾಲೆಗಳಿಗೆ ಕಳುಹಿಸುವುದೆ? ತರಗತಿಯಲ್ಲಿ ಬೆಂಚುಗಳು ತೆರವಾಗುತ್ತಿರುವುದನ್ನು ದಿನವೂ ನೋಡುವವನು ನಾನು.

ಆ ವರ್ಷ ಫಾಲ್ಗುಣದಲ್ಲಿ ಅವನನ್ನೂ ಸೇರಿಸಿ ಹನ್ನೆರಡು ಮಂದಿಯನ್ನು ತೆಂಕಣ ಸೊಲ್ಲಾಪುರದ ಒಂದು ಹಳ್ಳಿಗೆ ಕರೆದೊಯ್ದೆನು. ಹನುಮಂತನ ಗುಡಿಯ ಮುಂದೆ ಅರ್ಧ ಹೂತ ಒಂದು ಕಲ್ಲು. ಮೇಲ್ಗಡೆ ಸೂರ್ಯಚಂದ್ರರು, ನಡುವೆ ಲಿಂಗ, ಬದಿಯಲ್ಲಿ ಕರುವಿಗೆ ಹಾಲೂಡಿಸುವ ಆಕಳು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಎದ್ದು ನಿಲ್ಲುತ್ತವೆ. ಒಂಬತ್ತು ಗಂಟೆಯ ಮೇಲೆ ಅದೇ ಕಲ್ಲು ಮೂಕವಾಗುತ್ತದೆ. ಮೊದಲನೆಯ ಪಂಕ್ತಿಯ ‘ಸ್ವಸ್ತಿ’ಯನ್ನು ನಾನು ತೋರಿಸಿದೆನು. ಮುಂದಿನ ಅಕ್ಷರಗಳನ್ನು ಹುಡುಗರೇ ಬೆರಳು ತಾಕಿಸದೆ ಒಂದೊಂದಾಗಿ ಹುಡುಕಿದರು. ಅರ್ಧದಷ್ಟು ತಪ್ಪು, ಅರ್ಧದಷ್ಟು ಸರಿ. ಆ ಹುಡುಗನು ಬಹಳ ಹೊತ್ತು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತಿದ್ದು, “ಇದು ಎಷ್ಟು ವರ್ಷದ್ದು?” ಎಂದನು. ಚಾಲುಕ್ಯರ ಕಾಲದ್ದಿರಬೇಕು, ಒಂಬೈನೂರು ವರ್ಷವಾದರೂ ಆಗಿರಬೇಕೆಂದೆನು. ಅವನು ಮರುಮಾತನಾಡಲಿಲ್ಲ.

ಇಂತಹ ಕಲ್ಲುಗಳು ಈ ಜಿಲ್ಲೆಯಲ್ಲಿ ಹಲವು ಹಳ್ಳಿಗಳಲ್ಲಿವೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಇವರು ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಸಂಪಾದಿಸಿ 1988ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದಾರೆ. ಹೊರಡುವ ಮುನ್ನ ಅದನ್ನು ನೋಡಿಕೊಂಡರೆ ಒಳ್ಳೆಯದು. ಭಕ್ತಿಯಿಂದ ಎಣ್ಣೆ ಸುರಿಯುವವರು, ಹಬ್ಬ ಬಂತೆಂದು ಬಣ್ಣ ಬಳಿಯುವವರು, ಗುಡಿಯ ಜೀರ್ಣೋದ್ಧಾರಕ್ಕೆಂದು ಕಲ್ಲನ್ನು ಗೋಡೆಯೊಳಗೆ ಸೇರಿಸುವವರು ಎಲ್ಲೆಡೆ ಇದ್ದಾರೆ. ಅವರೊಡನೆ ಜಗಳವಾಡಿ ಫಲವಿಲ್ಲ. ಪಟ್ಟಣದಿಂದ ಮಕ್ಕಳು ಇದನ್ನು ಓದಲೆಂದೇ ಬಂದಿದ್ದಾರೆಂದು ಊರಿನವರಿಗೆ ತಿಳಿದರೆ, ಮುಂದಿನ ಸಲ ಬಣ್ಣದ ಡಬ್ಬಿ ಆ ಕಲ್ಲಿನ ಬಳಿಗೆ ಬರುವುದಿಲ್ಲವೆಂಬುದು ನನ್ನ ಅನುಭವ.

ಕಡೆಯದಾಗಿ ಹತ್ತರಸಂಗ ಕೂಡಲ. ವಿಜಯಪುರದ ಕಡೆಗೆ ಹೊರಟು ಸುಮಾರು 40 ಕಿಲೋಮೀಟರಿನ ಮೇಲೆ, ಭೀಮೆಗೆ ಸೀನೆ ಬಂದು ಸೇರುವ ತಾಣ. ಕೂಡಲವೆಂದೊಡನೆ ಬಸವಣ್ಣನವರ ಅಂಕಿತವು ನೆನಪಾಗುವುದು ಸಹಜ. ಆ ಕೂಡಲಸಂಗಮವು ಕೃಷ್ಣೆ ಮಲಪ್ರಭೆಗಳದು, ಇದು ಬೇರೆ. ನದಿಗಳು ಕೂಡುವ ಎಡೆಗೆ ಕೂಡಲವೆನ್ನುವುದು ನಮ್ಮ ನುಡಿಯ ರೂಢಿ. ಇಲ್ಲಿ ಸಂಗಮೇಶ್ವರ, ಹರಿಹರೇಶ್ವರರ ಪ್ರಾಚೀನ ದೇವಾಲಯಗಳಿವೆ. 350ಕ್ಕೂ ಹೆಚ್ಚು ಚಿಕ್ಕ ಮುಖಗಳನ್ನು ಸಾಲುಸಾಲಾಗಿ ಕೆತ್ತಿದ ಒಂದು ಲಿಂಗವು ಈಚಿನ ದಶಕಗಳಲ್ಲಿ ಮಣ್ಣಿನಿಂದ ಹೊರಬಂದಿದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಮರಾಠಿಯ ಅತಿ ಪ್ರಾಚೀನ ಲೇಖನಗಳಲ್ಲೊಂದೆಂದು ವಿದ್ವಾಂಸರು ಮನ್ನಿಸುವ ಶಾಸನವು, ಶಕ 940ರದು, ಎಂದರೆ ಕ್ರಿ.ಶ. 1018ರದು, ಇರುವುದು ಇಲ್ಲಿಯೇ. ಕನ್ನಡದ ಹೆಸರು ಹೊತ್ತ ಊರು, ಮರಾಠಿಯ ಹಳೆಯ ಸಾಲು! ನೆರೆಮನೆಯ ಮರಾಠಿ ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಅವರ ಸಾಲನ್ನು ಅವರು ನಮ್ಮ ಹುಡುಗರಿಗೆ ಓದಿ ತಿಳಿಸಲಿ. ಊರ ಹೆಸರಿನ ಅರ್ಥವನ್ನು ನಮ್ಮವರು ಅವರಿಗೆ ಹೇಳಲಿ. ಗಡಿಯ ವಿಷಯವಾಗಿ ದೊಡ್ಡವರು ಆಡಿದ ಮಾತುಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂದೀತು. ಹೊಳೆಯ ಆಚೆ ದಡದಲ್ಲಿ ಕಾಣುವುದೇ ಕರ್ನಾಟಕ. ಮಕ್ಕಳು ಎರಡೂ ದಡಗಳನ್ನು ನೋಡಿ, ವ್ಯತ್ಯಾಸವೆಲ್ಲಿದೆಯೆಂದು ತಾವೇ ಕೇಳಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ಫಾಲ್ಗುಣದಲ್ಲಿ ಭೀಮೆ ಸಣ್ಣಗಾಗಿ ಬಂಡೆಗಳು ಹೊರಚಾಚಿರುತ್ತವೆ. ಆದರೆ ಉಜನಿಯ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಬೇಗನೆ ಏರುತ್ತದೆ. ಊರವರನ್ನು ಕೇಳದೆ ಮಕ್ಕಳನ್ನು ನೀರಿಗೆ ಇಳಿಸಬಾರದು.

ಈ ಫಾಲ್ಗುಣದ ಮೊದಲನೆಯ ಭಾನುವಾರ ಕೂಡಲಕ್ಕೆ ಒಂದು ಬಸ್ಸನ್ನು ಗೊತ್ತುಮಾಡುವ ಆಲೋಚನೆಯಿದೆ. ಬರುವವರು ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬೇಕು. ಬೆಳಿಗ್ಗೆ ಐದೂವರೆಗೆ ಸಿದ್ಧೇಶ್ವರನ ಗುಡಿಯ ಮುಂದೆ ಸೇರುವುದು. ಖಡಕ್ ರೊಟ್ಟಿ, ಶೇಂಗಾಚಟ್ನಿ, ಮೊಸರು ಅವರವರೇ ತರತಕ್ಕದ್ದು, ನೀರು ಸಾಕಷ್ಟಿರಲಿ. ಮಕ್ಕಳ ಕೈಯಲ್ಲಿ ಒಂದು ನೋಟುಪುಸ್ತಕ, ಒಂದು ಸೀಸದ ಕಡ್ಡಿ ಇರಬೇಕು. ಸುಣ್ಣದ ಕಡ್ಡಿ ಯಾರೂ ತರಕೂಡದು; ಕಲ್ಲಿನ ಮೇಲೆ ನಾವು ಏನನ್ನೂ ಬರೆಯುವುದಿಲ್ಲ.