ಬಸುರಿಯ ರಕ್ತಪರೀಕ್ಷೆ: ತೀರ್ಮಾನ ಯಾರದು?

(ಹಿರಿಯೂರು ತಾಲ್ಲೂಕು ಬಬ್ಬೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ, ಹೊಡೆತ ಬಡಿತ, ಜೀವನಾಂಶ ಎಂದು ಮಾತಾಡುವವಳು ಇವತ್ತು ಬಸುರಿಯರ ರಕ್ತಪರೀಕ್ಷೆಯ ವಿಷಯ ತಂದಿದ್ದೇನೆ. ಇದಕ್ಕೆ ನರ್ಸಮ್ಮನವರನ್ನು ಕರೆಸಿದ್ದರೆ ಸಾಕಿತ್ತಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಎರಡು ಮನೆಗಳ ಸಂಗತಿ ಕಿವಿಗೆ ಬೀಳುವ ತನಕ ನನಗೂ ಹಾಗೇ ಅನಿಸುತ್ತಿತ್ತು. ಎರಡೂ ಇದೇ ಸೀಮೆಯವು. ಹೆಸರು, ಊರು ಮಾತ್ರ ಕೇಳಬೇಡಿ.

ಒಂದು ಸಂಘದ ವಾರದ ಸಭೆಯಲ್ಲಿ ಒಬ್ಬ ಹೆಣ್ಣುಮಗಳು ಹದಿನೈದು ಸಾವಿರ ಸಾಲ ಕೇಳಿದಳು. ಕಾರಣ 'ಆಸ್ಪತ್ರೆ ಖರ್ಚು' ಎಂದು ಪುಸ್ತಕದಲ್ಲಿ ಬರೆಸಿದಳು. ಎರಡು ಹೆಣ್ಣುಮಕ್ಕಳ ತಾಯಿ, ಮತ್ತೆ ಮೂರು ತಿಂಗಳು. ಗಂಡ ಹೊರಗೆ ಬೈಕಿನ ಮೇಲೆ ಕೂತು ಕಾಯುತ್ತಿದ್ದ. ಏನು ಕಾಯಿಲೆ ಎಂದು ಕೇಳಿದರೆ, "ಕಾಯಿಲೆ ಏನಿಲ್ಲ, ರಕ್ತ ತೆಗೆದು ಬೆಂಗಳೂರಿಗೆ ಕಳಿಸ್ತಾರಂತೆ, ಮಗು ಸರಿಯಾಗೈತಾ ಅಂತ ಗೊತ್ತಾಗ್ತದಂತೆ, ನಮ್ಮತ್ತೆ ಹೇಳಿದ್ರು" ಎಂದಳು. ಆಗ ಸಂಘದ ಹಿರಿಯಕ್ಕ ಒಬ್ಬರು, "ಸರಿಯಾಗೈತಾ ಅಂದ್ರೆ ಏನವ್ವ? ಗಂಡಾಗೈತಾ ಅಂತಲಾ?" ಎಂದು ಕೇಳಿಬಿಟ್ಟರು. ಹುಡುಗಿ ತಲೆ ಎತ್ತಲಿಲ್ಲ. ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಇನ್ನೊಬ್ಬಳನ್ನು ಸೋದರಮಾವನಿಗೇ ಕೊಟ್ಟಿದ್ದರು. ಮೊದಲ ಮಗು ಹುಟ್ಟಿದಾಗ ಗುಂಡು ಗುಂಡಾಗಿತ್ತು. ಆರು ತಿಂಗಳು ದಾಟುತ್ತಲೇ ಬಿಳಿಚಿಕೊಂಡಿತು, ಹೊಟ್ಟೆ ಊದಿತು, ಹಾಲು ಬಿಟ್ಟಿತು. ದೃಷ್ಟಿ ತೆಗೆಸಿದರು, ತಾಯತ ಕಟ್ಟಿಸಿದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಥಲಸ್ಸೇಮಿಯಾ ಎಂದರು. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಲೇಬೇಕು. ಆಕೆ ಮತ್ತೆ ಬಸುರಿಯಾದಾಗ ವೈದ್ಯರು ಸ್ಪಷ್ಟವಾಗಿ ಹೇಳಿದರು: ಗಂಡ ಹೆಂಡತಿ ಇಬ್ಬರ ರಕ್ತವೂ ಬೇಕು, ಯಾವ ದೋಷ ಎಂದು ಅದರಲ್ಲಿ ಮೊದಲು ಗುರುತಿಸಿಕೊಂಡರೆ ಹೊಟ್ಟೆಯ ಕೂಸಿಗೂ ಅದು ಬಂದಿದೆಯೇ ಎಂದು ಕಾಲಕ್ಕೆ ಸರಿಯಾಗಿ ನೋಡಬಹುದು ಎಂದು. ಆಕೆ ಆ ಕ್ಷಣವೇ ತೋಳು ಚಾಚಿದಳು. ಗಂಡ, "ನನಗೇನಾಗೈತೆ ರೋಗ? ಗಂಡಸಿನ ರಕ್ತ ಯಾಕೆ?" ಎಂದು ಎದ್ದು ಹೋದ.

ಪರೀಕ್ಷೆ ಬೇಕಿಲ್ಲದವಳನ್ನು ದಬ್ಬಿಕೊಂಡು ಹೋಗುತ್ತಾರೆ, ಬೇಕಾದವಳಿಗೆ ಬೇಡ ಎನ್ನುತ್ತಾರೆ. ಎರಡು ಕಡೆಯೂ ಅವಳನ್ನು ಕೇಳಿದವರಿಲ್ಲ. ಹಾಗಾಗಿಯೇ ಇದು ಬರೀ ಆಸ್ಪತ್ರೆಯ ವಿಷಯವಲ್ಲ ಎನ್ನುತ್ತೇನೆ.

ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಮೊದಲು ನೋಡೋಣ. ತಾಯಿ ಕಾರ್ಡ್ ಮಾಡಿಸಿದಾಗ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ ಎಂದು ನೋಡುತ್ತಾರಲ್ಲ, ಅದು ಬೇರೆ. ಅದನ್ನು ಯಾರೂ ತಪ್ಪಿಸಬೇಡಿ, ಅದಕ್ಕೆ ದುಡ್ಡೂ ಇಲ್ಲ. ನಾನು ಹೇಳುತ್ತಿರುವುದು ಕೂಸಿನ ವರ್ಣತಂತುಗಳ ಬಗ್ಗೆ ತಾಯಿಯ ರಕ್ತದಿಂದ ಅಂದಾಜು ಕಟ್ಟುವ ಪರೀಕ್ಷೆ. ನಮಗೆಲ್ಲ 46 ವರ್ಣತಂತು ಇರುತ್ತವೆ. ಕೆಲವು ಮಕ್ಕಳಲ್ಲಿ 21ನೆಯದು ಎರಡರ ಬದಲು ಮೂರು ಬಂದು 47 ಆಗುತ್ತದೆ. ಅದಕ್ಕೆ ಡೌನ್ ಸಿಂಡ್ರೋಮ್ ಎನ್ನುತ್ತಾರೆ. ಮೂರನೆಯ ತಿಂಗಳು ತುಂಬುವ ಹೊತ್ತಿಗೆ, ಅಂದರೆ 11ರಿಂದ 14 ವಾರದೊಳಗೆ, ಸ್ಕ್ಯಾನಿಂಗ್ ಜೊತೆ 'ಡಬಲ್ ಮಾರ್ಕರ್' ಎಂಬ ಪರೀಕ್ಷೆ ಮಾಡುತ್ತಾರೆ. ನಾಲ್ಕು, ಐದನೆಯ ತಿಂಗಳಲ್ಲಿ ಮಾಡುವುದು 'ಕ್ವಾಡ್ರುಪಲ್'. ಹತ್ತು ವಾರ ಕಳೆದ ಮೇಲೆ ಮಾಡುವ, ಸಾವಿರಾರು ರೂಪಾಯಿ ಬೇಡುವ ಹೊಸದೊಂದು ಇದೆ, 'ಎನ್‌ಐಪಿಟಿ'. ತಾಯಿಯ ರಕ್ತದಲ್ಲಿ ತೇಲಾಡುವ ಮಾಸಿನ ಅಂಶವನ್ನು ಹಿಡಿದು ಅದು ಲೆಕ್ಕ ಹಾಕುತ್ತದೆ.

ಇವೆಲ್ಲ ಜರಡಿ ಇದ್ದ ಹಾಗೆ. ರಾಗಿ ಜರಡಿ ಹಿಡಿದಾಗ ಮೇಲೆ ಉಳಿದದ್ದೆಲ್ಲ ಕಲ್ಲೇನು? ದಪ್ಪ ಕಾಳೂ ಉಳಿದಿರುತ್ತದೆ. ಕೆಳಗೆ ಬಿದ್ದದ್ದರಲ್ಲಿ ಸಣ್ಣ ಹರಳು ಜಾರಿರುವುದೂ ಉಂಟು. ಆಮೇಲೆ ಮೊರಕ್ಕೆ ಹಾಕಿ ಕೈಯಾರೆ ಆರಿಸಬೇಕು. ಸಾವಿರ ಬಸುರಿಯರಿಗೆ ಡಬಲ್ ಮಾರ್ಕರ್ ಮಾಡಿದರೆ ಸುಮಾರು 50 ಜನಕ್ಕೆ 'ಅಪಾಯ ಹೆಚ್ಚು' ಎಂದು ಚೀಟಿ ಬರುತ್ತದೆ. ಅವರಲ್ಲಿ ನಿಜಕ್ಕೂ ಡೌನ್ ಸಿಂಡ್ರೋಮ್ ಇರುವ ಕೂಸು ಒಂದೋ ಎರಡೋ. ಉಳಿದವರು ರಾತ್ರಿಯೆಲ್ಲ ನಿದ್ದೆಗೆಟ್ಟದ್ದಷ್ಟೇ. ಎನ್‌ಐಪಿಟಿಯ ಜರಡಿ ಇನ್ನೂ ಸಣ್ಣ ಕಣ್ಣಿನದು, ನೂರಕ್ಕೆ 99ರಷ್ಟು ಡೌನ್ ಸಿಂಡ್ರೋಮ್ ಹಿಡಿಯುತ್ತದೆ. ಆದರೂ ಜರಡಿ ಜರಡಿಯೇ. ಕೈಯಾರೆ ಆರಿಸುವುದೆಂದರೆ ಸೂಜಿಯಿಂದ ಮಾಸಿನ ಚೂರನ್ನೋ ಗರ್ಭದ ನೀರನ್ನೋ ತೆಗೆದು ನೋಡುವುದು. ಅದು ಖಚಿತ. ಆದರೆ ಇನ್ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ ಅದರಿಂದ ಗರ್ಭ ಇಳಿಯುವ ಅಪಾಯ ಉಂಟು. ಆ ಸೂಜಿ ಹಾಕಿಸದೆ, ರಕ್ತದ ಚೀಟಿಯೊಂದನ್ನೇ ನಂಬಿ ಗರ್ಭ ತೆಗೆಸಿಕೊಳ್ಳಲು ಯಾರು ಹೇಳಿದರೂ ಒಪ್ಪಬೇಡಿ.

ವಯಸ್ಸಿನ ಮಾತೂ ಇದೆ. 25ರ ತಾಯಿಗೆ ಡೌನ್ ಮಗು ಹುಟ್ಟುವುದು ಸುಮಾರು ಸಾವಿರದ ಇನ್ನೂರಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ ನೂರಕ್ಕೆ ಒಂದು. ಇದು ಯಾರ ಪಾಪವೂ ಅಲ್ಲ. ಗ್ರಹಣದ ದಿನ ಹೊರಗೆ ಹೋದದ್ದಕ್ಕೂ ಅಲ್ಲ. ಸೋದರಮಾವನನ್ನು ಕಟ್ಟಿಕೊಂಡದ್ದಕ್ಕೂ ಅಲ್ಲ.

ಸಂಬಂಧದೊಳಗಿನ ಮದುವೆಯಿಂದ ಹೆಚ್ಚುವುದು ಬೇರೆ ಬಗೆಯ ರೋಗಗಳು, ಥಲಸ್ಸೇಮಿಯಾದಂಥವು. ತಾಯಿ ತಂದೆ ಇಬ್ಬರಲ್ಲೂ ಒಂದೇ ದೋಷ ಮರೆಯಲ್ಲಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗ. ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಬರಲಿಕ್ಕಿಲ್ಲ ಎಂದಲ್ಲ. ಪ್ರತಿ ಸಲವೂ ಹೊಸ ಲೆಕ್ಕ. ನಮ್ಮ ರಾಜ್ಯದ ಮದುವೆಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸಂಬಂಧದೊಳಗಿನವು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆಸ್ತಿ ಹೊರಗೆ ಹೋಗಬಾರದು, ವರದಕ್ಷಿಣೆಯ ಹೊರೆ ತಪ್ಪಲಿ ಎಂದು ಮಗಳನ್ನು ತಮ್ಮನಿಗೇ ಕೊಡುತ್ತೇವೆ. ಆಗ ಮರೆತ ಲೆಕ್ಕ ಆಮೇಲೆ ಅವಳ ಮಡಿಲಿಗೆ ಬೀಳುತ್ತದೆ. ಥಲಸ್ಸೇಮಿಯಾದ ವಾಹಕರೇ ಎಂದು ತಿಳಿಯಲು ಸಾಮಾನ್ಯ ರಕ್ತಪರೀಕ್ಷೆ ಸಾಕು. ಅದನ್ನು ಮದುವೆಗೆ ಮೊದಲೇ, ಬಸಿರಿಗೆ ಮೊದಲೇ ಮಾಡಿಸಬಹುದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಕೂರಿಸಿಕೊಂಡು ವಿವರಿಸುವವರೂ ಇದ್ದಾರೆ. ನನ್ನ ಕೇಳಿದರೆ, ನಮ್ಮ ಹಳ್ಳಿಗಳಿಗೆ ಹದಿನೈದು ಸಾವಿರದ ಪರೀಕ್ಷೆಗಿಂತ ಮೊದಲು ಬರಬೇಕಾದದ್ದು ಇದು.

ಸೋದರಮಾವನ ಕೈಹಿಡಿದ ಆ ಹೆಣ್ಣುಮಗಳಿಗೆ ಅತ್ತೆ ಎಂದರೆ ಸ್ವಂತ ಅಜ್ಜಿಯೇ. ಆ ಅಜ್ಜಿ, "ನಿನ್ನ ತವರಿನ ರಕ್ತವೇ ಸರಿಯಿಲ್ಲ" ಎಂದಳಂತೆ! ತವರು ಯಾವುದವ್ವ? ಅವಳ ತಾಯಿಯನ್ನು ಹೆತ್ತದ್ದೂ ಗಂಡನನ್ನು ಹೆತ್ತದ್ದೂ ಒಂದೇ ಹೊಟ್ಟೆ. ನಗಬೇಡಿ, ನಾವೆಲ್ಲರೂ ಇಂಥದ್ದನ್ನು ಕೇಳಿಸಿಕೊಂಡವರೇ. ಹೆಣ್ಣು ಹುಟ್ಟಿದರೂ ಅವಳದೇ ತಪ್ಪು. ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುವುದು ಗಂಡಸಿನ ಬೀಜದಿಂದ ಎಂದು ನಾವು ಎಷ್ಟು ವರ್ಷದಿಂದ ಹೇಳಿಕೊಂಡು ಬಂದಿಲ್ಲ?

ಆ ಹದಿನೈದು ಸಾವಿರದ ಕತೆಗೆ ಬರುತ್ತೇನೆ. ಎನ್‌ಐಪಿಟಿ ಯಂತ್ರಕ್ಕೆ ಕೂಸು ಗಂಡೋ ಹೆಣ್ಣೋ ಎಂದು ಕಾಣುತ್ತದೆ, ಅದು ನಿಜ. ಆದರೆ ನಮ್ಮ ದೇಶದಲ್ಲಿ ಅದನ್ನು ಹೇಳುವಂತಿಲ್ಲ, ಬರೆಯುವಂತಿಲ್ಲ, ಸನ್ನೆಯಲ್ಲೂ ತಿಳಿಸುವಂತಿಲ್ಲ. 1994ರಲ್ಲಿ ಬಂದು 1996ರ ಜನವರಿ 1ರಿಂದ ಜಾರಿಯಾದ ಪ್ರಸವಪೂರ್ವ ಲಿಂಗಪತ್ತೆ ತಡೆ ಕಾಯಿದೆಯೊಳಗೆ ಸ್ಕ್ಯಾನಿಂಗ್ ಮಾತ್ರವಲ್ಲ, ಈ ರಕ್ತಪರೀಕ್ಷೆಯೂ ಬರುತ್ತದೆ. ಲಿಂಗ ತಿಳಿಯಬೇಕೆಂದು ಹುಡುಕಿಕೊಂಡು ಹೋಗುವ ಗಂಡ, ಅತ್ತೆ, ಮಾವನಿಗೆ ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ಹೆಂಗಸನ್ನು ಮನೆಯವರೇ ಬಲವಂತ ಮಾಡಿದರು ಎಂದೇ ನ್ಯಾಯಾಲಯ ಮೊದಲು ಭಾವಿಸಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಬಲವಂತಕ್ಕೆ ಸಿಕ್ಕಿದವಳಿಗೆ ಶಿಕ್ಷೆ ಇಲ್ಲ. ಹೆದರಿ ಬಾಯಿ ಮುಚ್ಚಿಕೊಳ್ಳಬೇಡಿ ಎಂದು ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಾಯಿದೆ ಇದ್ದೂ ಏನಾಯಿತು ಎಂದು ಕೇಳುವಿರಿ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2011ರಲ್ಲಿ 948. 2023ರ ನವೆಂಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹೊರಗೆಳೆದ ಜಾಲ ನೆನಪಿರಬಹುದು. ಮಂಡ್ಯದ ಕಡೆ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು, ಹೆಣ್ಣೆಂದು ತಿಳಿದರೆ ಗರ್ಭ ತೆಗೆಸಲು ಮೈಸೂರಿಗೆ ಒಯ್ಯುತ್ತಿದ್ದರು ಎಂಬ ಆರೋಪ. ಪ್ರಕರಣ ಸಿಐಡಿಗೆ ಹೋಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಹಾಗೆಂದು ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಈ ವಿಷಯದಲ್ಲಿ ಚಳವಳಿಯ ಒಳಗೇ ಎರಡು ಮಾತುಂಟು. ಹೆಣ್ಣೆಂದು ತೆಗೆಸುವುದು ತಪ್ಪಾದರೆ ಅಂಗವಿಕಲ ಕೂಸೆಂದು ತೆಗೆಸುವುದು ಹೇಗೆ ಸರಿ ಎಂದು ಕೇಳುವವರಿದ್ದಾರೆ, ಅವರ ಮಾತು ನನ್ನನ್ನು ಚುಚ್ಚುತ್ತದೆ. ಕೂಲಿಗೆ ಹೋಗದಿದ್ದರೆ ಒಲೆ ಹತ್ತದ ಮನೆಯಲ್ಲಿ, ಗಂಡ ಕೈಬಿಟ್ಟವಳು ಒಬ್ಬಳೇ ಜೀವಮಾನವಿಡೀ ಅಂಥ ಮಗುವನ್ನು ಸಾಕುವುದನ್ನು ಕಣ್ಣಾರೆ ಕಂಡವಳೂ ನಾನೇ. ಅವಳಿಗೆ ನೀನು ಹೆರಲೇಬೇಕು ಎನ್ನಲು ನಾನ್ಯಾರು? ಡೌನ್ ಸಿಂಡ್ರೋಮಿನ ಮಕ್ಕಳು ನಿಧಾನವಾಗಿ ಕಲಿಯುತ್ತಾರೆ, ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಶಾಲೆಗೂ ಹೋಗುತ್ತಾರೆ, ತಾಯಿಯ ಕೊರಳಿಗೆ ಜೋತುಬೀಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಬುದ್ಧಿಯ ಕೊರತೆಯೂ ಇದೆ, ಥಲಸ್ಸೇಮಿಯಾವೂ ಇದೆ. ಬುದ್ಧಿಯ ಕೊರತೆ ಇರುವ ಮಕ್ಕಳಿಗೆ 'ನಿರಾಮಯ' ಎಂಬ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ಇದನ್ನೆಲ್ಲ ಚೀಟಿ ಕೊಡುವವರು ಹೇಳುವುದಿಲ್ಲ. ನೀವೇ ಕೇಳಬೇಕು.

ಆದ್ದರಿಂದ ತೋಳು ಕೊಡುವ ಮುಂಚೆ ಒಂದು ಗಳಿಗೆ ಕೂತು ಯೋಚಿಸಿ. ಇದನ್ನು ಕೇಳಿದ್ದು ಯಾರು, ನಾನೋ ಅವರೋ? ಚೀಟಿಯಲ್ಲಿ 'ಹೆಚ್ಚು' ಎಂದು ಬಂದರೆ ನಾನೇನು ಮಾಡುತ್ತೇನೆ? ಏನು ಬಂದರೂ ಹೆರುವುದೇ ಎಂದಿದ್ದರೆ, ಮುಂಚಿತವಾಗಿ ತಿಳಿದು ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಸಿದ್ಧವಾಗಲೆಂದು ಕೆಲವರು ಮಾಡಿಸುತ್ತಾರೆ. ಬೇಡ ಎಂದು ಸುಮ್ಮನಿರುವವರೂ ಇದ್ದಾರೆ. ಎರಡೂ ಸರಿ. ಬೇಡ ಎಂದವಳನ್ನು ಮೂಢಳು ಎಂದು ಯಾವ ವೈದ್ಯರೂ ಗದರಬಾರದು. ಸೂಜಿ ಪರೀಕ್ಷೆ ಮಾಡುವುದಾದರೆ ಅದರ ತೊಂದರೆಗಳನ್ನೆಲ್ಲ ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿ, ನಿಮ್ಮ ಸಹಿಯನ್ನೇ ಪಡೆದು, ಅದರ ಪ್ರತಿ ನಿಮ್ಮ ಕೈಗೆ ಕೊಡಬೇಕು. ಗರ್ಭ ತೆಗೆಸುವುದಕ್ಕೂ ಹದಿನೆಂಟು ತುಂಬಿದವಳ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ. 2021ರ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೂಸಿಗೆ ದೊಡ್ಡ ತೊಂದರೆ ಇರುವಂಥ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು, ಅದನ್ನೂ ಮೀರಿದರೆ ವೈದ್ಯಕೀಯ ಮಂಡಳಿ. ಅದಕ್ಕೇ ಮುಟ್ಟು ನಿಂತದ್ದನ್ನು ಮೂರು ತಿಂಗಳು ಗುಟ್ಟು ಮಾಡಬೇಡಿ ಎನ್ನುವುದು. ಸೀಮಂತದ ಹೊತ್ತಿಗೆ ಯೋಚಿಸಲು ಕೂತರೆ ಕಾಲ ಮೀರಿರುತ್ತದೆ. ನಿಮಗೆ ಇಷ್ಟವಿಲ್ಲದೆ ಗರ್ಭ ತೆಗೆಸಿದರೆ ಅದು ಜೀವಾವಧಿಯವರೆಗೂ ಶಿಕ್ಷೆ ಇರುವ ಅಪರಾಧ. ಗಂಡುಮಗು ಹೆರಲಿಲ್ಲ ಎಂದು ಹಂಗಿಸುವುದನ್ನೂ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ದೌರ್ಜನ್ಯ ಎಂದೇ ಕರೆದಿದೆ. 181ಕ್ಕೆ ಫೋನ್ ಮಾಡಬಹುದು.

ಆ ಸಂಘದವರು ಏನು ಮಾಡಿದರು ಹೇಳುತ್ತೇನೆ. ಹಿರಿಯಕ್ಕ, "ನಿನಗೆ ಬೇಕು ಅಂದ್ರೆ ಈಗಲೇ ಕೊಡ್ತೀವಿ. ನಿಮ್ಮತ್ತೆಗೆ ಬೇಕು ಅಂದ್ರೆ ಅವರೇ ಬಂದು ಕೇಳ್ಲಿ, ಯಾಕೆ ಅಂತ ಪುಸ್ತಕದಲ್ಲಿ ಬರೆಸ್ಲಿ" ಎಂದರು. ಅತ್ತೆ ಬರಲಿಲ್ಲ. ಮುಂದಿನ 9ನೇ ತಾರೀಕು, ಪ್ರತಿ ತಿಂಗಳೂ ಬಸುರಿಯರನ್ನು ವೈದ್ಯರು ನೋಡುವ ದಿನ, ಆಶಾ ಕಾರ್ಯಕರ್ತೆಯೂ ಇಬ್ಬರು ಸದಸ್ಯೆಯರೂ ಅವಳ ಜೊತೆ ಹೋದರು. ವೈದ್ಯರು ಎಲ್ಲ ಬಿಡಿಸಿ ಹೇಳಿದ ಮೇಲೆ ಅವಳು ಪರೀಕ್ಷೆ ಬೇಡ ಎಂದಳು. ಹೆರಿಗೆ ಸುಸೂತ್ರವಾಯಿತು. ಏನು ಮಗು ಎಂದು ಅಲ್ಲಿ ಹಿಂದೆ ಕೂತವರು ಕೇಳುತ್ತಿದ್ದೀರಿ. ಹೇಳುವುದಿಲ್ಲ.

ಇನ್ನೊಂದು ಮನೆಯಲ್ಲಿ ಗಂಡ ಕೊನೆಗೂ ತೋಳು ಕೊಡಲಿಲ್ಲ. ನಾವು ಮೂರು ಸಲ ಹೋದೆವು. ಒಂದು ಸಲ ತೋಟಕ್ಕೆ ಹೋಗಿದ್ದಾನೆ ಎಂದರು, ಒಂದು ಸಲ ಮಲಗಿದ್ದಾನೆ ಎಂದರು, ಮೂರನೆಯ ಸಲ ಅವನೇ ಬಾಗಿಲು ಹಾಕಿಕೊಂಡ. ಅಷ್ಟರಲ್ಲಿ ಏಳು ತಿಂಗಳಾಗಿತ್ತು. ಈಗ ಆ ಕೂಸಿಗೆ ಐದು ತಿಂಗಳು. ಗುಂಡು ಗುಂಡಾಗಿದೆ, ಅಣ್ಣನೂ ಹಾಗೇ ಇದ್ದ. ತಾಯಿ ದಿನಾ ಅದರ ಉಗುರು, ಕಣ್ಣಿನ ಒಳಮೈ ನೋಡುತ್ತಾಳೆ. ಮುಂದಿನ ತಿಂಗಳು ದೊಡ್ಡವನಿಗೆ ರಕ್ತ ಹಾಕಿಸುವ ದಿನವೇ ಚಿಕ್ಕದರ ರಕ್ತವನ್ನೂ ಪರೀಕ್ಷೆಗೆ ತೆಗೆಯುತ್ತಾರೆ. ಇಬ್ಬರು ಮಕ್ಕಳನ್ನು ಎತ್ತಿಕೊಂಡು ಬಸ್ಸು ಹತ್ತುವುದು ಒಬ್ಬಳಿಂದಾಗದು, ನಾನು ಹೋಗುತ್ತಿದ್ದೇನೆ. ಜೊತೆಗೆ ಇನ್ನೊಬ್ಬರು ಬೇಕು. ಯಾರು ಬರುತ್ತೀರಿ, ಸಭೆ ಮುಗಿದ ಮೇಲೆ ಹೆಸರು ಹೇಳಿ ಹೋಗಿ.