ಗರ್ಭಗುಡಿಯೂ ಗುಡಿಸಲೂ

(ಶೆಫೀಲ್ಡ್ ನಗರದ ಬ್ರೂಮ್‌ಹಿಲ್‌ನಲ್ಲಿ ಕನ್ನಡಿಗರ ಗೋಷ್ಠಿಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಇಲ್ಲಿಂದ ಗ್ಲಾಸಪ್ ರಸ್ತೆ ಹಿಡಿದು ನಗರದ ಕಡೆಗೆ ಇಳಿದರೆ ಮೊದಲು ಕಾಣುವುದು ಹ್ಯಾಲಮ್‌ಶೈರ್ ಆಸ್ಪತ್ರೆಯ ಎತ್ತರದ ಕಟ್ಟಡ. ಅದರ ಮಗ್ಗುಲಲ್ಲೇ ಜೆಸಪ್ ವಿಂಗ್ ಎಂಬ ಹೆರಿಗೆ ಆಸ್ಪತ್ರೆ. ಇನ್ನೂ ಮುಂದೆ ಹೋದರೆ ಲೀವಿಗ್ರೀವ್ ರಸ್ತೆಯಲ್ಲಿ ಹಳೆಯ ಜೆಸಪ್ ಆಸ್ಪತ್ರೆ ನಿಂತಿದೆ. ಉಕ್ಕಿನ ಉದ್ಯಮಿ ಥಾಮಸ್ ಜೆಸಪ್ ನೀಡಿದ ಹಣದಿಂದ 1878ರಲ್ಲಿ ಮಹಿಳೆಯರಿಗಾಗಿಯೇ ತೆರೆದ ಆಸ್ಪತ್ರೆ ಅದು. 2001ರಲ್ಲಿ ಹೆರಿಗೆಯ ಕೆಲಸವೆಲ್ಲ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದರಲ್ಲಿ ಈಗ ವಿಶ್ವವಿದ್ಯಾಲಯದ ಸಂಗೀತ ವಿಭಾಗವಿದೆ. ಅದಕ್ಕೆ ಮುಂದೆ ಸೇರಿಸಿದ್ದ ಎಡ್ವರ್ಡ್ ದೊರೆಯ ಕಾಲದ ಭಾಗವನ್ನು 2013ರಲ್ಲಿ ಕೆಡವಿದಾಗ ಗಟ್ಟಿಯಾದ ವಿರೋಧವೇ ಎದ್ದಿತ್ತು. ಹೆರಿಗೆಯಾದ ಜಾಗವೊಂದು ಜನರ ನೆನಪಿನಲ್ಲಿ ಹೀಗೆ ಮಾನದ ಜಾಗವಾಗಿ ಉಳಿಯಬಹುದು ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಪದದ ಕಡೆಗೆ ಬರೋಣ. ಆ ಪದ 'ಗರ್ಭ'.

ಕಟ್ಟಡದ ಮಾತು ಮೈಯ ಮಾತಾಗುವುದು, ಮೈಯ ಮಾತು ಕಟ್ಟಡದ ಮಾತಾಗುವುದು ಹೊಸದಲ್ಲ. ಯುರೋಪಿನ ಶರೀರಶಾಸ್ತ್ರಜ್ಞರು ರೋಮನ್ನರ ಮನೆಯಿಂದ ಹೆಸರುಗಳನ್ನು ಎತ್ತಿ ದೇಹದೊಳಗೆ ಇಟ್ಟರು. ಹೃದಯದ ಏಟ್ರಿಯಂ ಮೂಲತಃ ಮನೆಯ ತೊಟ್ಟಿಯ ಅಂಗಳ. ಒಳಗಿವಿಯ ವೆಸ್ಟಿಬ್ಯೂಲ್ ಎಂದರೆ ಮುಂಬಾಗಿಲ ಪಡಸಾಲೆ. ಕನ್ನಡದ ಪಠ್ಯಪುಸ್ತಕ ಬರೆದವರಿಗೆ ಅಂಗಳ ರುಚಿಸಲಿಲ್ಲವೆಂದು ತೋರುತ್ತದೆ, ಏಟ್ರಿಯಂ ಹೃತ್ಕರ್ಣವಾಯಿತು, ಹೃದಯಕ್ಕೆ ಕಿವಿ ಬಂತು. ಇಲ್ಲಿ ಕುಳಿತಿರುವ ವೈದ್ಯರು ನಗಬಹುದು.

ಭಾರತದ ವಾಸ್ತುಕಾರರು ನಡೆದದ್ದು ತಿರುವು ದಿಕ್ಕಿನಲ್ಲಿ. ಅವರು ದೇಹದ ಅವಯವಗಳನ್ನು ಕಲ್ಲಿಗೆ ಕೊಟ್ಟರು. ದೇವಾಲಯದ ಗೋಡೆ ಜಂಘೆ, ಶಿಖರದ ಕೆಳಗಿನ ಕಿರಿದು ಭಾಗ ಗ್ರೀವ, ಒಳಮಂಟಪದ ಮೇಲೆ ಮುಂಚಾಚಿದ ಭಾಗ ಶುಕನಾಸಿ, ಅಂದರೆ ಗಿಳಿಯ ಮೂಗು. ಹೊಯ್ಸಳರ ಸಳ ಹುಲಿಯನ್ನು ಇರಿಯುತ್ತ ನಿಂತಿರುವುದು ಈ ಮೂಗಿನ ಮೇಲೆಯೇ. ಇವೆಲ್ಲದರ ನಡುವೆ, ಕಿಟಕಿಯಿಲ್ಲದೆ, ಒಂದೇ ಬಾಗಿಲಿನ, ಕತ್ತಲು ತುಂಬಿದ ಚೌಕ ಕೋಣೆ ಗರ್ಭಗುಡಿ. ಸ್ಟೆಲ್ಲಾ ಕ್ರಾಮ್ರಿಶ್ 1946ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಹೊರತಂದ ಎರಡು ಸಂಪುಟಗಳ ಗ್ರಂಥದಲ್ಲಿ ಈ ಹೆಸರಿನ ಅರ್ಥವನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ದಪ್ಪ ಗೋಡೆಗಳ ಆ ಕತ್ತಲನ್ನು ಅವರು ಹೊಸ ಹುಟ್ಟಿನ ಕತ್ತಲೆಂದೇ ಓದಿದರು. ತಮಿಳರು ಇದನ್ನು ಕರುವರೈ ಎನ್ನುತ್ತಾರೆ, ಕರು ಬೆಳೆಯುವ ಅರೆ, ಅಂದರೆ ಕೋಣೆ.

ಆದರೆ ಪದದ ಹಳೆಯ ನೆಲೆ ಇದಕ್ಕಿಂತ ಮನೆಗೆ ಹತ್ತಿರದ್ದು. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತ ನಿಘಂಟಿನಲ್ಲಿ ಗರ್ಭಾಗಾರ ಎಂಬ ಮಾತಿನ ಎದುರು ನಾಲ್ಕು ಅರ್ಥಗಳು ಒಂದೇ ಸಾಲಿನಲ್ಲಿ ಕುಳಿತಿವೆ: ಬಸಿರಿನ ಚೀಲ, ಮನೆಯ ಒಳಕೋಣೆ, ಹೆರಿಗೆಯ ಕೋಣೆ, ದೇವರಿರುವ ಕೋಣೆ. ಮನೆಯ ಒಳಗೊಳಗಿನ ಕೋಣೆಯಲ್ಲಿ ಹೆಣ್ಣು ಹೆರುತ್ತಿದ್ದಳು. ದೇವರಿಗೂ ಒಳಗೊಳಗಿನ ಕೋಣೆ ಬೇಕಾಯಿತು. ಒಂದೇ ಪದ ಇಬ್ಬರಿಗೂ ಸಾಕಾಯಿತು. ನಿಘಂಟಿಗೆ ಇದರಲ್ಲಿ ಯಾವ ಮೈಲಿಗೆಯೂ ಕಂಡಿಲ್ಲ.

ಮೈಲಿಗೆ ಬೇರೆ ದಾರಿಯಿಂದ ಬಂತು. ಹುಟ್ಟು ಎಂಬ ಅರ್ಥದ ಧಾತುವಿನಿಂದ ಬಂದ 'ಸೂತಕ' ಇಂದಿನ ಕನ್ನಡದಲ್ಲಿ ಹೆಚ್ಚಾಗಿ ಸಾವಿನ ಮೈಲಿಗೆಗೆ ಸಲ್ಲುತ್ತದೆ, ಹುಟ್ಟಿಗೆ 'ಪುರುಡು' ಎನ್ನುತ್ತಾರೆ. ಹುಟ್ಟಿನ ಮನೆಯೂ ಸಾವಿನ ಮನೆಯೂ ಮುಟ್ಟಬಾರದ ಮನೆಗಳು ಎಂಬ ನಂಬಿಕೆ ಎರಡೂ ಮಾತುಗಳಲ್ಲಿ ಒಂದೇ. ಹನ್ನೆರಡನೆಯ ಶತಮಾನದ ಶರಣರು ಇದನ್ನು ಕಂಡುಕೊಂಡಿದ್ದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅವರ ಧರ್ಮ ಒಪ್ಪುವುದಿಲ್ಲ. ದೇಹವನ್ನೇ ದೇವಾಲಯವೆಂದು ಕರೆದ ಬಸವಣ್ಣನವರ ವಚನ ಎಲ್ಲರಿಗೂ ಗೊತ್ತು. ಅದರಲ್ಲಿ ಕಾಲು ಬರುತ್ತದೆ, ತಲೆ ಬರುತ್ತದೆ, ಕಂಬವೂ ಕಳಸವೂ ಆಗುತ್ತವೆ. ಗರ್ಭಗುಡಿ ಎಲ್ಲಿ ಎಂದು ಮಾತ್ರ ವಚನ ಹೇಳುವುದಿಲ್ಲ.

ಗಂಡಸರಿಗೂ ಗರ್ಭ ಬೇಕಾಗಿತ್ತು ಎನ್ನುವುದಕ್ಕೆ ಬಾದಾಮಿಯ ಬಂಡೆ ಸಾಕ್ಷಿ. ಮೊದಲನೆಯ ಪುಲಕೇಶಿಯ 543ರ ಶಾಸನ ಅವನನ್ನು ಹಿರಣ್ಯಗರ್ಭದಿಂದ ಹುಟ್ಟಿದವನೆನ್ನುತ್ತದೆ. ಹಿರಣ್ಯಗರ್ಭವೆಂಬುದು ರಾಜರು ಮಾಡುತ್ತಿದ್ದ ಮಹಾದಾನ: ಚಿನ್ನದ ದೊಡ್ಡ ಪಾತ್ರೆಯೊಳಗೆ ಕುಳಿತು, ವಿಧಿಗಳೆಲ್ಲ ಮುಗಿದ ಮೇಲೆ ಹೊಸದಾಗಿ ಹುಟ್ಟಿದಂತೆ ಹೊರಬರುವುದು, ಬಳಿಕ ಚಿನ್ನ ಪುರೋಹಿತರಿಗೆ. ಹೆತ್ತ ತಾಯಿಯ ಬಸಿರು ಸಾಲದೆ ಲೋಹದಲ್ಲೊಂದು ಬಸಿರನ್ನು ಮಾಡಿಸಿಕೊಂಡರು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ್ದು ಇನ್ನೊಂದು ಬಗೆ. ಎಂಟನೆಯ ಶತಮಾನದಲ್ಲಿ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅದನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅಂಥ ಗರ್ಭಗುಡಿಯೊಂದು ಹೆಣ್ಣಿನ ಸಂಕಲ್ಪದಿಂದ ಎದ್ದಿತು ಎನ್ನುವುದು ಈಗಿನ ಮಡಿವಂತರಿಗೆ ನೆನಪಿದ್ದಂತಿಲ್ಲ.

ಗೋಕರ್ಣದಲ್ಲಿ ಭಕ್ತರು ಲಿಂಗವನ್ನು ಮುಟ್ಟುತ್ತಾರೆ, ನಿಜ. ಆದರೆ ನಾಡಿನ ಹೆಚ್ಚಿನ ದೊಡ್ಡ ದೇವಾಲಯಗಳಲ್ಲಿ ಗರ್ಭಗುಡಿಯ ಹೊಸ್ತಿಲು ದಾಟುವವರು ಅರ್ಚಕ ಮನೆತನದ ಗಂಡಸರು ಮಾತ್ರ. ಗರ್ಭವುಳ್ಳವರಿಗೆ ಗರ್ಭಗುಡಿಯಿಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಗೋಕರ್ಣನಾಥ ದೇವಾಲಯದಲ್ಲಿ, 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾದಾಗ ಅದು ದೊಡ್ಡ ಸುದ್ದಿಯಾಯಿತು. ಸುದ್ದಿಯಾಗಬೇಕಾಯಿತು ಎನ್ನುವುದನ್ನೇ ಯೋಚಿಸಬೇಕು.

ಆಸ್ಪತ್ರೆಯ ಕನ್ನಡದಲ್ಲಿ ಈ ಅಂಗ ಗರ್ಭಕೋಶ ಅಥವಾ ಗರ್ಭಾಶಯ, ಜನರ ಬಾಯಲ್ಲಿ ಗರ್ಭಚೀಲ. ಚೀಲವೆಂಬುದು ಕೈಯಲ್ಲಿ ಹಿಡಿದು ಓಡಾಡುವ, ಹಳತಾದರೆ ಎಸೆಯುವ ವಸ್ತು. ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಹೊಟ್ಟೆನೋವೆಂದು ಹೋದರೆ ಅಗತ್ಯವಿಲ್ಲದಿದ್ದರೂ ಗರ್ಭಚೀಲ ತೆಗೆದು ಕಳಿಸುತ್ತಿದ್ದಾರೆಂದು ಅವರೇ ಬೀದಿಗಿಳಿದರು. ಕಲ್ಲಿನಲ್ಲಿ ಅಷ್ಟು ದಪ್ಪ ಗೋಡೆ ಕಟ್ಟಿ ಕಾಯುವ ವಸ್ತು ಮೈಯಲ್ಲಿ ಇಷ್ಟು ಅಗ್ಗವಾಯಿತು.

ಇನ್ನು ಗರ್ಭಗುಡಿಯ ಉತ್ತರಾರ್ಧ, 'ಗುಡಿ'. ಇದು ಅಚ್ಚ ದ್ರಾವಿಡ ಮಾತು. ಮೊದಲಿಗೆ ಮನೆ, ಆಮೇಲೆ ದೇವರ ಮನೆ. ಗುಡಿಸಲು ಇದರದೇ ಒಡಹುಟ್ಟು. ಭಾಷೆಯಲ್ಲಿ ಇವೆರಡೂ ಒಂದೇ ಬೇರಿನವು. ಬಳಕೆಯಲ್ಲಿ ಒಂದು ದೇವರಿಗಾಯಿತು, ಇನ್ನೊಂದು ಇಲ್ಲದವರಿಗಾಯಿತು. ತುಮಕೂರು, ಚಿತ್ರದುರ್ಗದ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ದೇವರಿಗೆ ಮೈಲಿಗೆಯಾಗದಿರಲೆಂದು ಊರಾಚೆಯ ಗುಡಿಸಲಿನಲ್ಲಿಡುವ ಪದ್ಧತಿ ಇನ್ನೂ ಸತ್ತಿಲ್ಲ. ಕೆಲವೆಡೆ ಗುಡಿಸಲಿನ ಬದಲು ಸರ್ಕಾರವೇ ಕಟ್ಟಡ ಕಟ್ಟಿಸಿಕೊಟ್ಟಿತು. ಸೂರು ಗಟ್ಟಿಯಾಯಿತು, ಜಾಗ ಮಾತ್ರ ಹಟ್ಟಿಯ ಹೊರಗೇ ಉಳಿಯಿತು. ಕಾಡುಗೊಲ್ಲರನ್ನಷ್ಟೇ ಬೊಟ್ಟುಮಾಡುವುದೂ ತಪ್ಪು. ಬೆಂಗಳೂರಿನ ಮಹಡಿ ಮನೆಗಳಲ್ಲಿ, ಈ ದೇಶದ ಸೆಮಿ ಮನೆಗಳಲ್ಲಿಯೂ ತಿಂಗಳಿಗೆ ಮೂರು ದಿನ ದೇವರ ಕೋಣೆಯ ಬಾಗಿಲು ಯಾರಿಗೆ ಮುಚ್ಚಿರುತ್ತದೆ ಎಂದು ಕೇಳಿ ನೋಡಿ.

ಮುಟ್ಟಾದ ಅಥವಾ ಬಸುರಿ ಹೆಂಗಸರನ್ನು ಬಲವಂತವಾಗಿ ಬೇರೆಯಿಡುವುದು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯ ಪ್ರಕಾರ ಅಪರಾಧ. ಆದರೂ 2023ರ ಜುಲೈ ತಿಂಗಳಲ್ಲಿ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಹಿಡಿದಿದ್ದ ದಿನಗಳಲ್ಲಿ, ಬಾಣಂತಿಯೊಬ್ಬಳನ್ನು ಎಳೆಗೂಸಿನೊಂದಿಗೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಡಲಾಯಿತು. ಹೆರಿಗೆ ಆಗಿದ್ದದ್ದು ಆಸ್ಪತ್ರೆಯಲ್ಲಿ. ಮರಳಿ ಬಂದಾಗ ಮನೆಯ ಬಾಗಿಲು ತೆರೆಯಲಿಲ್ಲ. ಕೂಸು ಶೀತ ತಗುಲಿ ತೀರಿಕೊಂಡಿತು.

ಅದೇ ವರ್ಷ ಗುಬ್ಬಿ ತಾಲ್ಲೂಕಿನ ಇನ್ನೊಂದು ಗೊಲ್ಲರಹಟ್ಟಿಗೆ ನ್ಯಾಯಾಧೀಶೆಯೊಬ್ಬರು ತಾವೇ ಹೋದರು. ಅಲ್ಲಿಯೂ ಹಟ್ಟಿಯ ಹೊರಗೆ ಬಾಣಂತಿಯೊಬ್ಬಳು ಕೂಸಿನೊಂದಿಗೆ ಗುಡಿಸಲಿನಲ್ಲಿದ್ದಳು. ನ್ಯಾಯಾಧೀಶೆ ಮನೆಯವರೊಡನೆ ಮಾತಾಡಿ, ಕಾನೂನನ್ನು ತಿಳಿಸಿ, ತಾಯಿಯನ್ನೂ ಕೂಸನ್ನೂ ಅವರ ಮನೆಯೊಳಕ್ಕೆ ಕರೆತಂದರು.